ನರಗಳಲ್ಲಿ ಸಂದೇಶದ ವೇಗ

ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಸಮೀಪದಲ್ಲಿರುವ ರೈಲು ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರಂ 2023ರಲ್ಲಿ ಉದ್ಘಾಟನೆಯಾಯಿತು. ಅದರ ಒಂದು ತುದಿಯಿಂದ ತಂತಿಯಲ್ಲಿ ಕಳುಹಿಸಿದ ವಿದ್ಯುತ್ ಸಂಕೇತವು ಕಣ್ಣೆವೆಯಿಕ್ಕುವಷ್ಟರಲ್ಲಿ ಇನ್ನೊಂದು ತುದಿಯನ್ನು ಮುಟ್ಟಿಬಿಡುತ್ತದೆ. ನಮ್ಮ ದೇಹದ ನರವೊಂದನ್ನು ಅಷ್ಟೇ ಉದ್ದಕ್ಕೆ ಎಳೆದು ಹಾಸುವುದು ಸಾಧ್ಯವಿದ್ದರೆ, ಅದರಲ್ಲಿ ಹೊರಟ ಸಂದೇಶ ಎಷ್ಟು ಹೊತ್ತಿಗೆ ತಲುಪೀತು? ಸೆಕೆಂಡಿಗೆ 100 ಮೀಟರ್ ಸಾಗುವ ವೇಗದ ತಂತುವಾದರೆ ಸುಮಾರು 15 ಸೆಕೆಂಡು. ಉರಿನೋವನ್ನು ಒಯ್ಯುವ, ಸೆಕೆಂಡಿಗೆ ಒಂದೇ ಮೀಟರ್ ಸಾಗುವ ತಂತುವಾದರೆ 25 ನಿಮಿಷ! ಕಾಲ್ಬೆರಳು ಕಲ್ಲಿಗೆ ಎಡವಿದಾಗ ಮೊದಲು ತಾಗಿದ ಅರಿವು, ತುಸು ತಡೆದು ಉರಿ ತಿಳಿಯುವುದು ಇದರಿಂದಲೇ.

ನರಸಂದೇಶದ ವೇಗವನ್ನು ಅಳೆಯುವುದು ಅಸಾಧ್ಯವೆಂದು ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವನ್ನು ಪರೀಕ್ಷಿಸಿ, ಅದು ಸೆಕೆಂಡಿಗೆ ಸುಮಾರು 27 ಮೀಟರ್ ಮಾತ್ರವೆಂದು ತೋರಿಸಿದನು.

ನರಕೋಶದ ರಚನೆ

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಪ್ರತಿಯೊಂದು ಕೋಶಕ್ಕೂ ಸಂದೇಶವನ್ನು ಬರಮಾಡಿಕೊಳ್ಳುವ ಕವಲುಗಳೂ ಅದನ್ನು ಮುಂದಕ್ಕೆ ಕಳುಹಿಸುವ ಒಂದು ಉದ್ದನೆಯ ತಂತುವೂ ಸಾಮಾನ್ಯವಾಗಿ ಇರುತ್ತವೆ. ಈ ತಂತುವಿನಲ್ಲಿ ವಿದ್ಯುತ್ತು ತಾಮ್ರದ ತಂತಿಯಲ್ಲಿ ಹರಿದಂತೆ ಹರಿಯುವುದಿಲ್ಲ. ತಂತುವಿನ ಪೊರೆಯ ಮೂಲಕ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಒಡನೆಯೇ ಪೊಟಾಸಿಯಂ ಅಯಾನುಗಳು ಹೊರಬರುತ್ತವೆ. ಈ ಬದಲಾವಣೆಯು ಪಕ್ಕದ ಭಾಗವನ್ನು ಕೆರಳಿಸುತ್ತ ಅಲೆಯಂತೆ ಮುಂದುವರಿಯುತ್ತದೆ.

ವೇಗದ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿರುತ್ತದೆ. ಹೊದಿಕೆಯ ನಡುನಡುವೆ ಇರುವ ತೆರಪುಗಳಲ್ಲಿ ಸಂದೇಶವು ನೆಗೆನೆಗೆದು ಸಾಗುವುದರಿಂದ ಕಾಲ ಉಳಿಯುತ್ತದೆ. ಗಿಯಾಂ–ಬಾರೆ ಎಂಬ ರೋಗದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಹಲವರಲ್ಲಿ ಈ ಹೊದಿಕೆಯನ್ನು ಕೆಡಿಸುತ್ತದೆ. ಆಗ ಸಂದೇಶವು ತಡವಾಗಿ, ಕೈಕಾಲುಗಳು ಸೋಲುತ್ತವೆ.

ಮಿದುಳನ್ನು ಕಾಯದ ಕ್ರಿಯೆ

ಕಾದ ರೊಟ್ಟಿಯ ಹಂಚಿಗೆ ಬೆರಳು ತಗುಲಿದೊಡನೆ ಕೈ ಹಿಂದೆ ಸರಿಯುತ್ತದೆ. ನೋವು ಅರಿವಿಗೆ ಬರುವುದು ಆಮೇಲೆ. ಇಲ್ಲಿ ಮಿದುಳಿನ ಅಪ್ಪಣೆಗಾಗಿ ಕಾಯದೆ ಬೆನ್ನುಹುರಿಯೇ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಇದೇ ಪರಾವರ್ತಿತ ಕ್ರಿಯೆ.

ಆದರೆ ರಸ್ತೆಯಲ್ಲಿ ಮಗುವೊಂದು ಅಡ್ಡ ಬಂದಾಗ ಬ್ರೇಕು ಒತ್ತುವುದು ಇಂಥ ಕ್ರಿಯೆಯಲ್ಲ. ಕಣ್ಣು ಕಂಡದ್ದನ್ನು ಮಿದುಳಿನ ಹಿಂಭಾಗ ಗ್ರಹಿಸಬೇಕು, ಮುಂಭಾಗ ನಿರ್ಧರಿಸಬೇಕು, ಆಜ್ಞೆ ಬೆನ್ನುಹುರಿಯ ಮೂಲಕ ಕೈಕಾಲುಗಳಿಗೆ ಇಳಿಯಬೇಕು, ಚಲನೆಯನ್ನು ಹದಗೊಳಿಸುವುದು ಕಿರುಮಿದುಳಿನ ಕೆಲಸ. ಅನಿರೀಕ್ಷಿತ ಸಂದರ್ಭದಲ್ಲಿ ಇಷ್ಟಕ್ಕೆ ಸುಮಾರು ಒಂದು ಸೆಕೆಂಡು ಬೇಕು. ಗಂಟೆಗೆ 36 ಕಿಲೋಮೀಟರ್ ವೇಗದ ಮೋಟಾರು ಸೈಕಲ್ಲು ಅಷ್ಟರಲ್ಲಿ 10 ಮೀಟರ್ ಓಡಿರುತ್ತದೆ. 72 ಕಿಲೋಮೀಟರಾದರೆ 20 ಮೀಟರ್. ಬ್ರೇಕು ಹಿಡಿದ ಮೇಲೆ ಓಡುವ ದೂರ ಇದಕ್ಕೆ ಹೊರತು. ಮದ್ಯಪಾನವಾಗಲಿ, ನಿದ್ದೆಗೆಟ್ಟ ಆಯಾಸವಾಗಲಿ, ಕೈಯಲ್ಲಿನ ಮೊಬೈಲಾಗಲಿ ಈ ಕಾಲವನ್ನು ಇನ್ನೂ ಹೆಚ್ಚಿಸುತ್ತದೆ.

ನೀವೇ ಅಳೆದು ನೋಡಿ

ಗೆಳೆಯನೊಬ್ಬನು 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ನೆಟ್ಟಗೆ ಹಿಡಿದಿರಲಿ. ಸೊನ್ನೆಯ ಗುರುತಿನ ಎರಡು ಪಕ್ಕಕ್ಕೆ ನಿಮ್ಮ ಹೆಬ್ಬೆರಳು, ತೋರುಬೆರಳುಗಳಿರಲಿ. ಆತ ಸೂಚನೆ ಕೊಡದೆ ಬಿಟ್ಟೊಡನೆ ಹಿಡಿಯಿರಿ. 20 ಸೆಂಟಿಮೀಟರಿನಲ್ಲಿ ಹಿಡಿದರೆ ನಿಮಗೆ ಬೇಕಾದ ಕಾಲ ಸುಮಾರು 0.2 ಸೆಕೆಂಡು, 30ರಲ್ಲಾದರೆ ಸುಮಾರು 0.25. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಬಳಿಕ ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತ ಅದೇ ಪ್ರಯೋಗವನ್ನು ಮಾಡಿ, ಎರಡು ಸರಾಸರಿಗಳನ್ನೂ ಹೋಲಿಸಿರಿ.

ಪಟ್ಟಿ ಬೀಳುವುದನ್ನೇ ಎದುರುನೋಡುತ್ತ ಕುಳಿತವನಿಗೂ ಇಷ್ಟು ಕಾಲ ಬೇಕು. ಎಷ್ಟು ಚುರುಕಾದ ತರುಣನೂ ಇದನ್ನು ಸೊನ್ನೆಗೆ ಇಳಿಸಲಾರನು. ಆದುದರಿಂದ ಮುಂದಿನ ವಾಹನದಿಂದ ಅಂತರವಿಟ್ಟು, ಮಿತವೇಗದಲ್ಲಿ, ತಲೆಗೆ ಹೆಲ್ಮೆಟ್ ಧರಿಸಿ ಸಾಗುವುದು ಅಂಜುಬುರುಕುತನವಲ್ಲ, ಶರೀರವಿಜ್ಞಾನವನ್ನು ಅರಿತವನ ವಿವೇಕ. ಮುರಿದ ಮೂಳೆ ಕೂಡಿಕೊಳ್ಳಬಹುದು. ಮಿದುಳಿನಲ್ಲಿ ನಾಶವಾದ ನರಕೋಶಗಳ ಸ್ಥಾನವನ್ನು ಹೊಸ ಕೋಶಗಳು ಬಹುಮಟ್ಟಿಗೆ ತುಂಬಲಾರವು.