ಶ್ವಾಸಕೋಶದ ಕ್ಯಾನ್ಸರ್: ಪ್ರೋಟೀನ್ ಪರೀಕ್ಷೆ ಯಾವಾಗ, ಯಾಕೆ, ಹೇಗೆ?

ಶ್ವಾಸಕೋಶದ ಕ್ಯಾನ್ಸರ್ ಕೋಶಗಳು ಕೆಲವು ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ, ಕೆಲವನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತವೆ. ರಕ್ತದಲ್ಲಿರುವವು ರೋಗದ ಏರಿಳಿತವನ್ನು ಸೂಚಿಸುತ್ತವೆ. ಗಡ್ಡೆಯಲ್ಲಿರುವವು ಯಾವ ಔಷಧಿ ನಾಟಬಹುದು ಎಂಬುದನ್ನು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರೋಗಿಗಳು ಇವುಗಳ ಪರೀಕ್ಷೆಗಾಗಿ ಸಾಮಾನ್ಯವಾಗಿ ಹುಬ್ಬಳ್ಳಿ ಅಥವಾ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಪರೀಕ್ಷೆಗಳ ಕ್ರಮ ಗೊತ್ತಿದ್ದರೆ ಹಣ, ಓಡಾಟ ಎರಡೂ ಉಳಿಯುತ್ತವೆ.

ಮೊದಲ ಹೆಜ್ಜೆ ರಕ್ತ ಪರೀಕ್ಷೆಯಲ್ಲ. ವಾರಗಟ್ಟಲೆ ನಿಲ್ಲದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್-ರೇ ಮತ್ತು ಕಫ ಪರೀಕ್ಷೆ ಆಗಬೇಕು. ಮೊದಲು ಕ್ಷಯವನ್ನು ಶಂಕಿಸುವುದು ಸರಿಯೇ. ಆದರೆ ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೆ, ಅಥವಾ ಕ್ಷಯದ ಮಾತ್ರೆ ನುಂಗಿದರೂ ಎಕ್ಸ್-ರೇಯಲ್ಲಿನ ಕಲೆ ಕರಗದಿದ್ದರೆ ಸಿ.ಟಿ. ಸ್ಕ್ಯಾನ್ ತಡಮಾಡಬಾರದು. ಬೀಡಿ ಸೇದದಿದ್ದರೂ ವರ್ಷಗಟ್ಟಲೆ ಕಟ್ಟಿಗೆ ಒಲೆಯ ಹೊಗೆ ಕುಡಿದ ಹೆಂಗಸರ ಕೆಮ್ಮನ್ನೂ ಇಷ್ಟೇ ಗಂಭೀರವಾಗಿ ನೋಡಬೇಕು.

ಎರಡನೆಯದು ಬಯಾಪ್ಸಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಗಡ್ಡೆಯ ತುಣುಕು ತೆಗೆದು, ಫಾರ್ಮಲಿನ್‌ನಲ್ಲಿಟ್ಟು, ಮೇಣದ ಬ್ಲಾಕ್ ಮಾಡುತ್ತಾರೆ. ಟಿಟಿಎಫ್-1, ಪಿ40 ಪ್ರೋಟೀನುಗಳು ಕ್ಯಾನ್ಸರಿನ ಬಗೆ ಗುರುತಿಸಲು ನೆರವಾದರೆ, ಎಎಲ್‌ಕೆ ಮತ್ತು ಪಿಡಿ-ಎಲ್1 ಔಷಧಿ ಆರಿಸಲು ನೆರವಾಗುತ್ತವೆ. ರೋಗ ಹರಡಿದ್ದು, ಇಜಿಎಫ್ಆರ್, ಎಎಲ್‌ಕೆ ಜೀನ್ ದೋಷಗಳಿಲ್ಲದೆ, ಪಿಡಿ-ಎಲ್1 ಶೇ 50 ಅಥವಾ ಹೆಚ್ಚಿದ್ದರೆ ಇಮ್ಯುನೊಥೆರಪಿಯೊಂದನ್ನೇ ಕೊಡುವುದನ್ನು ವೈದ್ಯರು ಪರಿಗಣಿಸಬಹುದು. ಆಸ್ಪತ್ರೆ ಬದಲಿಸುವಾಗ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ ಪಡೆಯಲೇಬೇಕು. ವರದಿಯ ಕಾಗದವಷ್ಟೇ ಕೈಯಲ್ಲಿದ್ದರೆ ದಣಿದ ರೋಗಿ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಾದೀತು.

ಚಿಕಿತ್ಸೆ ಶುರುವಾಗುವ ಮೊದಲು, ವೈದ್ಯರು ಹೇಳಿದರೆ, ರಕ್ತದ ಪ್ರೋಟೀನುಗಳನ್ನು ಅಳೆಸಬೇಕು. ಅಡಿನೊಕಾರ್ಸಿನೋಮದಲ್ಲಿ ಸಿಇಎ, ಸ್ಕ್ವೇಮಸ್ ಬಗೆಯಲ್ಲಿ ಸೈಫ್ರಾ 21-1, ಸಣ್ಣಕೋಶದ ಕ್ಯಾನ್ಸರಿನಲ್ಲಿ ಎನ್ಎಸ್ಇ ಮತ್ತು ಪ್ರೊಜಿಆರ್‌ಪಿ ಹೆಚ್ಚು ಬಳಕೆಯಲ್ಲಿವೆ. ಆರಂಭದಲ್ಲೇ ಅಂಕಿ ತುಂಬಾ ಹೆಚ್ಚಿದ್ದವರಲ್ಲಿ ಸಾಮಾನ್ಯವಾಗಿ ರೋಗದ ಹೊರೆ ಹೆಚ್ಚು, ಮುನ್ನೋಟ ಕಠಿಣ. ಆದರೆ ಇದು ನೂರಾರು ರೋಗಿಗಳ ಸರಾಸರಿ. ಮನೆಯಲ್ಲಿರುವ ಒಬ್ಬರ ಆಯುಷ್ಯವನ್ನು ಅದರಿಂದ ಲೆಕ್ಕ ಹಾಕಲಾಗದು. ರೋಗದ ಹಂತಕ್ಕೆ, ರೋಗಿ ಎದ್ದು ಓಡಾಡುವ ಶಕ್ತಿಗೆ ಇದಕ್ಕಿಂತ ಹೆಚ್ಚು ತೂಕವಿದೆ.

ಅಂಕಿ ದಾರಿ ತಪ್ಪಿಸುವುದೂ ಉಂಟು. ಎನ್ಎಸ್ಇ ಕೆಂಪು ರಕ್ತಕಣಗಳಲ್ಲೂ ಇರುತ್ತದೆ. ಹಿರೇಕೆರೂರಿನಲ್ಲಿ ತೆಗೆದ ರಕ್ತವನ್ನು ಸೀರಮ್ ಬೇರ್ಪಡಿಸದೆ ಹಾಗೇ ಹುಬ್ಬಳ್ಳಿಗೆ ಕಳಿಸಿದರೆ, ದಾರಿಯ ಕುಲುಕಾಟದಲ್ಲಿ ಕಣಗಳು ಒಡೆದು, ರೋಗ ಹೆಚ್ಚದಿದ್ದರೂ ಅಂಕಿ ಏರುತ್ತದೆ. ಪರೀಕ್ಷೆ ನಡೆಯುವ ಲ್ಯಾಬಿನಲ್ಲೇ ರಕ್ತ ಕೊಡುವುದು ಒಳ್ಳೆಯದು. ಆಗದಿದ್ದರೆ ಸೀರಮ್ ಬೇಗ ಬೇರ್ಪಡಿಸುವ ವ್ಯವಸ್ಥೆಯಿರುವ ಕೇಂದ್ರವಾದರೂ ಬೇಕು. ಬೀಡಿ ಸೇದುವವರಲ್ಲಿ ಸಿಇಎ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಸೈಫ್ರಾ ಮತ್ತು ಪ್ರೊಜಿಆರ್‌ಪಿ ಕ್ಯಾನ್ಸರ್ ಇಲ್ಲದೆಯೂ ಹೆಚ್ಚಿರಬಹುದು. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯೂ ಕೆಲವು ಯಂತ್ರಗಳ ಫಲಿತಾಂಶ ಕೆಡಿಸುತ್ತದೆ. ಇದೆಲ್ಲವನ್ನೂ ಮೊದಲೇ ವೈದ್ಯರಿಗೆ ತಿಳಿಸಬೇಕು.

ಮುಂದಿನ ಪರೀಕ್ಷೆಗಳು ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಆಗಬೇಕು. ಬೇರೆ ಬೇರೆ ಯಂತ್ರದ ಅಂಕಿಗಳನ್ನು ಹೋಲಿಸಿದರೆ ಇಲ್ಲದ ಏರಿಳಿತ ಕಾಣುತ್ತದೆ. ಕಿಮೊ ಶುರುವಾದ ಹೊಸದರಲ್ಲಿ ಸಾಯುವ ಕೋಶಗಳು ಪ್ರೋಟೀನ್ ಚೆಲ್ಲುವುದರಿಂದ ಅಂಕಿ ಕೆಲಕಾಲ ಏರಬಹುದು. ಅಷ್ಟಕ್ಕೇ ಚಿಕಿತ್ಸೆ ಬಿಡಬಾರದು. ಮೇಲಿಂದ ಮೇಲೆ ಏರುತ್ತಲೇ ಹೋದರೆ ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ದಿನಾಂಕ, ಲ್ಯಾಬಿನ ಹೆಸರು, ಅಂಕಿ, ಆಗ ನಡೆಯುತ್ತಿದ್ದ ಔಷಧಿ ಇವನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದಿಟ್ಟರೆ ವೈದ್ಯರಿಗೆ ರೋಗದ ಜಾಡು ಬೇಗ ಸಿಗುತ್ತದೆ.

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಹೊರಡುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್ ಜೊತೆಗಿಟ್ಟುಕೊಂಡು, ಚಿಕಿತ್ಸೆ ಪಡೆಯುವ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರ ಬಳಿ ಯಾವ ಪರೀಕ್ಷೆ ಯೋಜನೆಯೊಳಗೆ ಬರುತ್ತದೆ, ಯಾವುದಕ್ಕೆ ಕೈಯಿಂದ ಕೊಡಬೇಕು ಎಂದು ಕೇಳಿಕೊಳ್ಳಬೇಕು.