ಕಡಿದು ಉಳಿಸುವ ಕಲೆ

ಮರ ಕಡಿಯಬಾರದೆಂಬುದು ನಾವೆಲ್ಲರೂ ಶಾಲೆಯಲ್ಲಿ ಕಲಿತ ಪಾಠ. ವನಮಹೋತ್ಸವದಂದು ಸಸಿ ನೆಟ್ಟು ನೀರೆರೆಯುವ ನಮಗೆ, ಕೊಡಲಿ ಹಿಡಿದವನು ಕಾಡಿನ ವೈರಿಯಾಗಿಯೇ ತೋರುತ್ತಾನೆ. ಆದರೆ ಇಂಗ್ಲೆಂಡಿನ ಕೆಲವು ಕಾಡುಗಳಲ್ಲಿಯೂ ಹೊಲಗಳ ಅಂಚಿನಲ್ಲಿಯೂ ಚಳಿಗಾಲದ ರಜಾದಿನಗಳಂದು ಒಂದು ಸೋಜಿಗದ ನೋಟ ಕಾಣಸಿಗುತ್ತದೆ. ಶಿಕ್ಷಕರು, ಗುಮಾಸ್ತರು, ವಿದ್ಯಾರ್ಥಿಗಳು, ನಿವೃತ್ತರಾದ ಹಿರಿಯರು ಒಂದುಗೂಡಿ, ಕೂಲಿಯ ಆಸೆಯಿಲ್ಲದೆ, ಮಚ್ಚು ಗರಗಸಗಳನ್ನು ಹಿಡಿದು ಮರಗಿಡಗಳನ್ನು ಕಡಿಯುತ್ತಿರುತ್ತಾರೆ. ಕಾಡನ್ನು ಉಳಿಸುವುದೇ ಅವರ ಉದ್ದೇಶ! ಕಡಿಯುವುದರಿಂದ ಕಾಡು ಉಳಿಯುವುದೆಂತು? ಇದನ್ನು ನಾವು ಇಲ್ಲಿ ವಿಚಾರಿಸೋಣ.

ಕೂಳೆಯಿಂದ ಬೆಳೆಯುವ ಕಾಡು

ಕಬ್ಬಿನ ಗದ್ದೆಯನ್ನು ಬಲ್ಲವರಿಗೆ ಕೂಳೆ ಎಂಬ ಮಾತು ಹೊಸದಲ್ಲ. ಕಬ್ಬನ್ನು ಕಡಿದ ಮೇಲೆ ಉಳಿದ ಬುಡದಿಂದ ಮತ್ತೆ ಚಿಗುರಿ ಬರುವುದೇ ಕೂಳೆ ಬೆಳೆ. ಹೇಜಲ್, ಆ್ಯಶ್, ಓಕ್ ಮೊದಲಾದ ಮರಗಳಿಗೂ ಈ ಗುಣವುಂಟು. ಅವನ್ನು ನೆಲಮಟ್ಟದಲ್ಲಿ ಕಡಿದರೆ ಬೇರು ಸಾಯುವುದಿಲ್ಲ. ಮುಂದಿನ ವಸಂತದಲ್ಲಿ ಒಂದು ಬುಡದಿಂದ ಹತ್ತಾರು ನೇರವಾದ ಕೋಲುಗಳು ಏಳುತ್ತವೆ. ಹೇಜಲ್ ಕೋಲುಗಳು ಸುಮಾರು ಏಳರಿಂದ ಹತ್ತು ವರ್ಷಗಳಲ್ಲಿ ಬಳಕೆಗೆ ಸಿದ್ಧವಾಗುತ್ತವೆ. ಈ ಪದ್ಧತಿಗೆ ಇಂಗ್ಲಿಷಿನಲ್ಲಿ ಕಾಪಿಸ್ ಎಂದು ಹೆಸರು. ಹಿಂದಿನ ಹಳ್ಳಿಗರಿಗೆ ಸೌದೆ, ಇದ್ದಿಲು, ಕುರಿಹಟ್ಟಿಯ ತಡಿಕೆ, ಉಪಕರಣಗಳ ಹಿಡಿ, ಹುಲ್ಲಿನ ಮಾಡನ್ನು ಬಿಗಿಯುವ ಕಡ್ಡಿ, ಇವೆಲ್ಲವೂ ಕೂಳೆಯ ಕಾಡಿನಿಂದಲೇ ದೊರೆಯುತ್ತಿದ್ದವು.

ಅವರು ಕಾಡನ್ನೆಲ್ಲ ಒಮ್ಮೆಗೇ ಕಡಿಯುತ್ತಿರಲಿಲ್ಲ. ಅದನ್ನು ಹಲವು ಪಾಲುಗಳಾಗಿ ಮಾಡಿ, ವರ್ಷಕ್ಕೆ ಒಂದು ಪಾಲನ್ನು ಮಾತ್ರ ಕಡಿದು, ಕೊನೆಯ ಪಾಲು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಸಿದ್ಧವಾಗಿರುವಂತೆ ನೋಡಿಕೊಳ್ಳುತ್ತಿದ್ದರು. ಹೀಗೆ ಕಡಿದ ಪಾಲಿನ ನೆಲಕ್ಕೆ ಬಿಸಿಲು ತಾಗುತ್ತದೆ. ನೆರಳಿನಲ್ಲಿ ಸೊರಗಿದ್ದ ಪ್ರಿಮ್‌ರೋಸ್, ವಯೊಲೆಟ್, ಬ್ಲೂಬೆಲ್ ಗಿಡಗಳು ಒಂದೆರಡು ವರ್ಷಗಳಲ್ಲಿ ಹೂವಿನ ಹಾಸನ್ನೇ ಹಾಸುತ್ತವೆ. ವಯೊಲೆಟ್ಟಿನ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆಗಳು ಅಲ್ಲಿಗೆ ಬರುತ್ತವೆ. ಕೋಲುಗಳು ಎತ್ತರವಾಗಿ ನೆರಳು ಕವಿದಾಗ ಚಿಟ್ಟೆಗಳು ಹೊಸದಾಗಿ ಕಡಿದ ಪಾಲಿಗೆ ಹೋದರೆ, ಡಾರ್ಮೌಸ್ ಎಂಬ ಹೊಂಬಣ್ಣದ ಪುಟ್ಟ ಪ್ರಾಣಿ ಈ ಪೊದೆಗಳನ್ನು ಸೇರುತ್ತದೆ. ಒಂದೇ ಕಾಡಿನಲ್ಲಿ ಬಿಸಿಲಿಗೂ ನೆರಳಿಗೂ ಸರದಿಯಂತೆ ಸ್ಥಾನ ದೊರೆಯುವುದೇ ಈ ಪದ್ಧತಿಯ ಹಿರಿಮೆ.

ಸಫೋಕ್ ಪ್ರಾಂತದ ಬ್ರಾಡ್‌ಫೀಲ್ಡ್ ಕಾಡು ಇದಕ್ಕೆ ಒಳ್ಳೆಯ ನಿದರ್ಶನ. ಅದು ಒಂದು ಕಾಲಕ್ಕೆ ಬರಿ ಸೇಂಟ್ ಎಡ್ಮಂಡ್ಸ್ ಮಠಕ್ಕೆ ಸೇರಿತ್ತು. ಅಲ್ಲಿ ಕೂಳೆಯ ಪದ್ಧತಿ ನಡೆದುಬಂದುದಕ್ಕೆ ಕ್ರಿ. ಶ. 1252ರಿಂದಲೂ ದಾಖಲೆಗಳುಂಟು. ಅಲ್ಲಿರುವ ಒಂದು ಆ್ಯಶ್ ಮರದ ಬುಡವು ಐದು ಮೀಟರಿಗಿಂತಲೂ ಅಗಲವಾಗಿದ್ದು, ಅದರ ವಯಸ್ಸು ಸಾವಿರ ವರ್ಷವಾದರೂ ಇರಬೇಕೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಕಡಿಯದೆ ಬಿಟ್ಟಿದ್ದರೆ ಆ ಮರ ಎಂದೋ ಮುಪ್ಪಾಗಿ ಉರುಳುತ್ತಿತ್ತು. ಮತ್ತೆ ಮತ್ತೆ ಕಡಿದುದರಿಂದಲೇ ಅದು ಇಂದಿಗೂ ಚಿಗುರುತ್ತಿದೆ!

ಬಾಗಿಸಿ ಕಟ್ಟುವ ಬೇಲಿ

ಇನ್ನು ಬೇಲಿಯ ವಿಚಾರ. ಇಂಗ್ಲೆಂಡಿನ ಬೇಲಿಗಳಲ್ಲಿ ಕೆಲವು ಬಹು ಪ್ರಾಚೀನವಾದವು. ಆದರೆ ಅನೇಕ ಬೇಲಿಗಳು ಸುಮಾರು 1750ರಿಂದ 1850ರವರೆಗೆ, ಪಾರ್ಲಿಮೆಂಟಿನ ಕಾಯಿದೆಗಳ ಮೂಲಕ ಊರೊಟ್ಟಿನ ಭೂಮಿಯನ್ನು ಹಂಚಿ ಖಾಸಗಿ ಹೊಲಗಳನ್ನಾಗಿ ಮಾಡಿದಾಗ ನೆಟ್ಟವು. ದನ ಮೇಯಿಸಲು ನೆಲವಿಲ್ಲದಂತಾದ ಬಡವರು ಅಂದು ಆ ಬೇಲಿಗಳನ್ನು ಶಪಿಸಿರಬೇಕು. ಕಾಲಾನಂತರದಲ್ಲಿ ಅವೇ ಹಕ್ಕಿಗಳಿಗೂ ಜೇನ್ನೊಣಗಳಿಗೂ ಆಶ್ರಯವಾದವು.

ಹಾಥಾರ್ನ್ ಎಂಬ ಮುಳ್ಳುಗಿಡ ಈ ಬೇಲಿಗಳ ಜೀವಾಳ. ಅದನ್ನು ಹಾಗೆಯೇ ಬಿಟ್ಟರೆ ಮೇಲಕ್ಕೆ ಬೆಳೆದು ಮರವಾಗುತ್ತದೆ. ಬುಡದಲ್ಲಿ ಕಂಡಿ ಬಿದ್ದು ಕುರಿಮರಿ ಸಲೀಸಾಗಿ ನುಸುಳುತ್ತದೆ. ಆದುದರಿಂದ ಕುಶಲನಾದ ಬೇಲಿಗಾರನು ತುದಿ ಬಾಗಿದ ಮಚ್ಚಿನಿಂದ ಕಾಂಡವನ್ನು ಬುಡದ ಬಳಿ ಓರೆಯಾಗಿ ಸೀಳುತ್ತಾನೆ. ಪೂರ್ತಿ ಕಡಿಯುವುದಿಲ್ಲ, ತೊಗಟೆಯೊಡನೆ ಒಂದು ತೆಳುವಾದ ಪಟ್ಟಿಯನ್ನು ಉಳಿಸುತ್ತಾನೆ. ಅನಂತರ ಕಾಂಡವನ್ನು ಮೆಲ್ಲನೆ ಓರೆಯಾಗಿ ಮಲಗಿಸಿ, ಸುಮಾರು ಒಂದೂವರೆ ಅಡಿಗೊಂದರಂತೆ ಗೂಟ ನೆಟ್ಟು, ಮೇಲ್ಗಡೆ ಹೇಜಲ್ ಕೋಲುಗಳನ್ನು ಹೆಣೆದು ಬಿಗಿಯುತ್ತಾನೆ. ಉಳಿದ ಪಟ್ಟಿಯ ಮೂಲಕ ರಸ ಹರಿದು ಮಲಗಿದ ಕಾಂಡ ಬದುಕುತ್ತದೆ. ಕಡಿದ ಬುಡದಿಂದ ಹೊಸ ಚಿಗುರುಗಳು ಎದ್ದು ಕಂಡಿಗಳನ್ನು ಮುಚ್ಚುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಗಾದೆ ಕೇಳುತ್ತದೆ. ತೋಳಿನಷ್ಟು ದಪ್ಪದ ಕಾಂಡವನ್ನೂ ಬಗ್ಗಿಸಬಲ್ಲ ಈ ಬೇಲಿಗಾರನ ಮುಂದೆ ಗಾದೆಯೂ ಸ್ವಲ್ಪ ಬಗ್ಗಬೇಕಾಗುತ್ತದೆ!

ಬೇಲಿಯ ವಯಸ್ಸನ್ನು ಊಹಿಸುವುದಕ್ಕೆ ಮ್ಯಾಕ್ಸ್ ಹೂಪರ್ ಎಂಬ ವಿಜ್ಞಾನಿ ಒಂದು ಸೂತ್ರವನ್ನು ಹೇಳಿದ್ದಾನೆ. ಮೂವತ್ತು ಗಜದ ಬೇಲಿಯಲ್ಲಿ ಎಷ್ಟು ಜಾತಿಯ ಮರಗಿಡಗಳಿವೆಯೋ, ಅದರ ವಯಸ್ಸು ಸ್ಥೂಲವಾಗಿ ಅಷ್ಟು ನೂರು ವರ್ಷ. ಎಲ್ಲ ಕಡೆಯೂ ಈ ಲೆಕ್ಕ ಸರಿಹೊಂದುವುದಿಲ್ಲವಾದರೂ, ಬೇಲಿಯನ್ನು ಕಣ್ಣಿಟ್ಟು ನೋಡುವುದನ್ನು ಇದು ಜನರಿಗೆ ಕಲಿಸಿತು.

ಅವನತಿ ಮತ್ತು ಉದ್ಧಾರ

ಕಲ್ಲಿದ್ದಲು ಬಂದಂತೆ ಸೌದೆಗೆ ಬೆಲೆ ತಗ್ಗಿತು. ತಂತಿ ಬಂದಂತೆ ಜೀವಂತ ಬೇಲಿ ಬೇಡವಾಯಿತು. ಎರಡನೆಯ ಮಹಾಯುದ್ಧದ ತರುವಾಯ ದೊಡ್ಡ ಯಂತ್ರಗಳು ತಿರುಗಾಡಲು ಅನುಕೂಲವಾಗಲೆಂದು ಸಾವಿರಾರು ಮೈಲಿಗಳ ಬೇಲಿಯನ್ನು ಬೇರುಸಹಿತ ಕಿತ್ತರು. ಎಷ್ಟೋ ಹಳೆಯ ಕಾಡುಗಳು ಹೊಲಗಳಾದವು, ಇಲ್ಲವೆ ಸೂಚಿಪರ್ಣಿ ಮರಗಳ ತೋಪುಗಳಾದವು. ಉಳಿದ ಕಾಡುಗಳೂ ಕಡಿಯುವವರಿಲ್ಲದೆ ಕತ್ತಲೆಗವಿಗಳಂತಾಗಿ, ಹೂವೂ ಚಿಟ್ಟೆಯೂ ವಿರಳವಾದವು. ಎಲ್ಲಕ್ಕಿಂತ ಮಿಗಿಲಾಗಿ, ಮಚ್ಚು ಹಿಡಿಯಬಲ್ಲ ಮುದುಕರು ತಮ್ಮ ವಿದ್ಯೆಯನ್ನು ಯಾರಿಗೂ ಕಲಿಸದೆ ಕಣ್ಮುಚ್ಚುವ ಕಾಲ ಸಮೀಪಿಸಿತು.

ಇಂಥ ಸಮಯದಲ್ಲಿ, 1959ರಲ್ಲಿ, ಕನ್ಸರ್ವೇಶನ್ ಕೋರ್ ಎಂಬ ಸ್ವಯಂಸೇವಕರ ದಳವೊಂದು ಹುಟ್ಟಿತು. ಸರ್ರಿ ಪ್ರಾಂತದ ಬಾಕ್ಸ್ ಹಿಲ್ ಎಂಬ ಸುಣ್ಣಕಲ್ಲಿನ ಗುಡ್ಡದ ಮೇಲೆ, ಹುಲ್ಲುಗಾವಲನ್ನು ನುಂಗುತ್ತಿದ್ದ ಪೊದೆಗಳನ್ನು ಕಡಿಯುವುದೇ ಅವರ ಮೊದಲ ಕೆಲಸವಾಯಿತು. 1970ರಲ್ಲಿ ಈ ದಳ ಒಂದು ಟ್ರಸ್ಟಾಗಿ ಬೆಳೆಯಿತು. ಕೂಳೆ ಕಡಿಯುವುದು, ಬೇಲಿ ಕಟ್ಟುವುದು ಮೊದಲಾದ ಕಸುಬುಗಳನ್ನು ಪಟ್ಟಣದ ಜನರಿಗೆ ಕಲಿಸಿತು. 1978ರಲ್ಲಿ ಬೇಲಿಗಾರಿಕೆಗಾಗಿಯೇ ಒಂದು ರಾಷ್ಟ್ರೀಯ ಸಂಘ ಸ್ಥಾಪಿತವಾಗಿ, ಪಂದ್ಯಗಳ ಮೂಲಕ ಆ ವಿದ್ಯೆಗೆ ಮನ್ನಣೆ ತಂದಿತು. 1997ರ ನಿಯಮಗಳ ಪ್ರಕಾರ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹಳ್ಳಿಗಾಡಿನ ಬೇಲಿಯನ್ನು ಕಿತ್ತುಹಾಕುವ ಮುನ್ನ ಸಾಮಾನ್ಯವಾಗಿ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು.

ಈ ಕೆಲಸಕ್ಕೂ ಕಟ್ಟುಪಾಡುಗಳುಂಟು. ಮರದ ರಸ ಅಡಗಿರುವ ಚಳಿಗಾಲದಲ್ಲಿ ಮಾತ್ರ ಕಡಿಯಬೇಕು. ಹಕ್ಕಿಗಳು ಗೂಡು ಕಟ್ಟುವ ಮೊದಲೇ ಮುಗಿಸಬೇಕು. ಕಡಿತವು ಓರೆಯಾಗಿದ್ದು ಮಳೆನೀರು ಜಾರಿಹೋಗಬೇಕು. ಎಳೆಯ ಚಿಗುರನ್ನು ಜಿಂಕೆ ಮೇಯದಂತೆ ಕಡಿದ ಕೊಂಬೆಗಳನ್ನೇ ಸುತ್ತಲೂ ಒಡ್ಡಬೇಕು. ಯಾವ ಮರ ಚಿಗುರುತ್ತದೆ, ಯಾವುದು ಚಿಗುರುವುದಿಲ್ಲ ಎಂಬುದನ್ನು ಮೊದಲೇ ಅರಿತಿರಬೇಕು. ಪೈನ್ ಮರವನ್ನು ಹೀಗೆ ಕಡಿದರೆ ಅದು ಸತ್ತೇಹೋಗುತ್ತದೆ.

ಮಿತ್ರರೇ, ಮರ ಕಡಿಯುವುದು ತಪ್ಪಲ್ಲವೆಂದು ನಾವು ಹೇಳುತ್ತಿಲ್ಲ. ಬೇರು ಕಿತ್ತು ಹೊರಟುಹೋಗುವವನ ಕೊಡಲಿಗೂ, ಬೇರನ್ನು ಉಳಿಸಿ ಹತ್ತು ವರ್ಷಗಳ ಬಳಿಕ ಅದೇ ಬುಡಕ್ಕೆ ಮರಳಿ ಬರುವವನ ಮಚ್ಚಿಗೂ ಅಜಗಜಾಂತರವಿದೆ ಎಂಬುದಷ್ಟೇ ನಮ್ಮ ಮಾತು. ಕಾಡಿನ ಮೇಲೆ ಪ್ರೀತಿಯಿದ್ದರೆ ಸಾಲದು. ಅದನ್ನು ಬಲ್ಲ ಕೈಯೂ ಬೇಕು. ಆ ಕೈಯ ವಿದ್ಯೆ ಗ್ರಂಥಗಳಲ್ಲಿ ಪೂರ್ತಿಯಾಗಿ ದೊರೆಯುವುದಿಲ್ಲ. ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕು. ಅವರು ಇರುವಾಗಲೇ ಕಲಿಯಬೇಕು.