ಗ್ಯಾಸ್ ಎಲ್ಲಿ ಹೋಗುತ್ತದೆ?

ಹೊಸಪೇಟೆಯ ರೈಲು ನಿಲ್ದಾಣದಿಂದ ಊರೊಳಕ್ಕೆ ಬರುವ ದಾರಿಯಲ್ಲಿ, ಒಂದು ಸೈಕಲ್ ಅಂಗಡಿಗೂ ಒಂದು ಮಿರ್ಚಿ ಬಂಡಿಗೂ ನಡುವೆ ಇಕ್ಕಟ್ಟಾಗಿದ್ದ ಮಳಿಗೆಯೊಂದರಲ್ಲಿ, 1994ನೆಯ ಇಸವಿಯ ಬೇಸಗೆಯಲ್ಲಿ ನಾನು ಫ್ರಿಜ್ಜುಗಳ ದುರಸ್ತಿಯ ವಿದ್ಯೆಗೆ ಕೈಹಚ್ಚಿದೆನು. ನನ್ನ ತಂದೆಯವರು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದವರು. ಮಗನೂ ತಮ್ಮಂತೆಯೇ ಸಂಧಿ ಸಮಾಸಗಳನ್ನು ಬೋಧಿಸುತ್ತ ಗೌರವದಿಂದ ಬಾಳಲೆಂದು ಅವರು ಹಾರೈಸಿದ್ದರೆ, ಮಗನು ಅಂಗಿಯ ತುಂಬ ಕಂಪ್ರೆಸರಿನ ಎಣ್ಣೆಯ ಕಲೆಗಳನ್ನು ಹೊತ್ತು ಸಂಜೆಗೆ ಮನೆ ಸೇರುತ್ತಿದ್ದನು. ಈ ಬರಹದ ಭಾಷೆಯಲ್ಲಿ ಅವರ ನೆರಳೂ ವಿಷಯದಲ್ಲಿ ನನಗೆ ಈ ಕೆಲಸ ಕಲಿಸಿದ ಉಸ್ತಾದರ ನೆರಳೂ ಕಂಡುಬಂದರೆ ಆಶ್ಚರ್ಯವಿಲ್ಲ. ಇಬ್ಬರೂ ಈಗ ಇಲ್ಲ.

ನಾನು ಇಲ್ಲಿ ಹೇಳಹೊರಟಿರುವುದು ಮನೆಯ ಫ್ರಿಜ್ಜಿನ ವಿಚಾರವನ್ನಲ್ಲ. ಹೋಟೆಲು, ಬೇಕರಿ, ಹಾಲಿನಂಗಡಿಗಳಲ್ಲಿ ಕೌಂಟರಿನ ಕೆಳಗೆ ಸೊಂಟದೆತ್ತರಕ್ಕೆ ಅಡಗಿ ಕುಳಿತು, ನೆತ್ತಿಯ ಮೇಲೆ ಚಟ್ನಿಯ ಪಾತ್ರೆಯನ್ನೂ ತಟ್ಟೆಗಳ ರಾಶಿಯನ್ನೂ ಹೊತ್ತು, ಹೊಟ್ಟೆಯೊಳಗೆ ಹಾಲು, ಮೊಸರು, ರುಬ್ಬಿದ ಹಿಟ್ಟುಗಳನ್ನು ಕಾಪಾಡುವ ಆ ಗಿಡ್ಡ ಪೆಟ್ಟಿಗೆಯ ವಿಚಾರವನ್ನು. ಮನೆಯ ಫ್ರಿಜ್ಜಿನ ಬಾಗಿಲನ್ನು ದಿನಕ್ಕೆ ಎಷ್ಟು ಸಲ ತೆರೆಯುತ್ತಾರೋ ಇದರ ಬಾಗಿಲನ್ನು ಬೆಳಗಿನ ತಿಂಡಿಯ ಒಂದು ಗಂಟೆಯಲ್ಲಿ ಅಷ್ಟು ಸಲ ತೆರೆಯುತ್ತಾರೆ. ಮುಚ್ಚುವಾಗಲಂತೂ ಕೈಯಿಂದ ಮುಚ್ಚುವವರಿಲ್ಲ, ಎರಡು ಕೈಯಲ್ಲಿಯೂ ಪಾತ್ರೆಗಳಿರುವುದರಿಂದ ಮೊಣಕಾಲೇ ಆ ಕೆಲಸವನ್ನು ಮಾಡುತ್ತದೆ. ಮಗ್ಗುಲಲ್ಲಿ ದೋಸೆಯ ಹಂಚು, ಎದುರಿಗೆ ಮಿರ್ಚಿಯ ಬಾಣಲೆ, ಹೊರಗೆ ನಾಲ್ವತ್ತು ಡಿಗ್ರಿ ದಾಟಿದ ಬಿಸಿಲು. ಇಷ್ಟರ ನಡುವೆ ಒಳಗಿನ ಶಾಖ ಐದು ಡಿಗ್ರಿಗಿಂತ ಮೇಲೇರಬಾರದು.

ಈ ಯಂತ್ರವು ಕೆಟ್ಟಿತೆಂದು ಕರೆ ಬಂದಾಗಲೆಲ್ಲ, ಅದು ಯಾವ ಊರಿನಿಂದ ಬಂದರೂ, ಕರೆಯುವವರ ಬಾಯಲ್ಲಿ ಒಂದೇ ಮಾತು: “ಗ್ಯಾಸ್ ಹೋಗೇತ್ರಿ, ಬಂದು ತುಂಬಿಸ್ರಿ.” ರೋಗಿಯೇ ರೋಗವನ್ನು ನಿರ್ಣಯಿಸಿ, ಔಷಧವನ್ನೂ ತಾನೇ ಹೇಳಿ, ವೈದ್ಯನನ್ನು ಕೇವಲ ಸೂಜಿ ಚುಚ್ಚಲು ಕರೆಸಿಕೊಂಡಂತೆ ಇದು; ಮತ್ತು ಬಹುಕಾಲ ನಾನು ಅಂತಹ ವೈದ್ಯನೇ ಆಗಿದ್ದೆನು.

ಸಂಡೂರಿನ ಪ್ರಸಂಗವನ್ನು ಹೇಳದೆ ನನ್ನ ತಪ್ಪು ತಿಳಿಯದು. 2006ನೆಯ ಇಸವಿಯ ಏಪ್ರಿಲ್ ತಿಂಗಳು. ಅದಿರಿನ ವ್ಯಾಪಾರವು ಉಚ್ಛ್ರಾಯದಲ್ಲಿದ್ದ ಆ ದಿನಗಳಲ್ಲಿ ಹೊಸಪೇಟೆಯಿಂದ ಸಂಡೂರಿಗೆ ಹೋಗುವುದೆಂದರೆ ಲಾರಿಗಳ ಸಾಲಿನ ಹಿಂದೆ ಕೆಂಧೂಳಿಯ ಮೋಡದೊಳಗೆ ಮುಳುಗಿ ಏಳುವುದೇ ಆಗಿತ್ತು. ದಾರಿಯ ಬೇವಿನ ಮರಗಳೂ ಮನೆಗಳ ಗೋಡೆಗಳೂ ದನಗಳ ಬೆನ್ನೂ ಒಂದೇ ಬಣ್ಣವನ್ನು ತಳೆದಿದ್ದವು. ಲಾರಿಗಳು ತಂಗುವೆಡೆಯಲ್ಲಿದ್ದ ಒಂದು ಹೋಟೆಲಿನವರು, ಕೌಂಟರಿನ ಕೆಳಗಿನ ಫ್ರಿಜ್ಜು ಮಧ್ಯಾಹ್ನದ ಹೊತ್ತಿಗೆ ತಂಪು ಹಿಡಿಯುತ್ತಿಲ್ಲ, ಹಾಲು ಒಡೆಯುತ್ತಿದೆ ಎಂದು ಹೇಳಿಕಳುಹಿಸಿದರು. ನಾನು ಹೋದೆನು, ಕಂಪ್ರೆಸರನ್ನು ಮುಟ್ಟಿದೆನು, ಕೈಯನ್ನು ಇಡಲಾಗದಷ್ಟು ಸುಡುತ್ತಿತ್ತು, ಗೇಜನ್ನು ಜೋಡಿಸಿದೆನು. ಗ್ಯಾಸ್ ಸೋರಿಹೋಗಿದ್ದರೆ ಗೇಜಿನ ಮುಳ್ಳು ಕೆಳಗಿಳಿದಿರಬೇಕಷ್ಟೆ? ಅದು ಕೆಳಗಿರದೆ ಇರಬೇಕಾದುದಕ್ಕಿಂತ ಮೇಲೆಯೇ ನಿಂತಿತ್ತು. ಹನ್ನೆರಡು ವರ್ಷಗಳ ಅನುಭವವುಳ್ಳ ನಾನು ಆಗ ಮಾಡಿದ್ದೇನೆಂದರೆ, ನನ್ನ ಊಹೆಯನ್ನು ಸಂಶಯಿಸುವುದಕ್ಕೆ ಬದಲಾಗಿ ಗೇಜನ್ನೇ ಸಂಶಯಿಸಿದೆನು. ಹಳೆಯದಾಗಿದೆ, ಮುಳ್ಳು ಸಿಕ್ಕಿಕೊಂಡಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಗ್ಯಾಸ್ ಸೇರಿಸಿ, ಹಣವನ್ನು ಎಣಿಸಿಕೊಂಡು, ಸಂಜೆಯ ತಂಪಿನಲ್ಲಿ ಯಂತ್ರವು ಚೆನ್ನಾಗಿ ನಡೆಯುವುದನ್ನು ನೋಡಿ ಸಂತೋಷದಿಂದ ಊರಿಗೆ ಮರಳಿದೆನು.

ಎಂಟನೆಯ ದಿನ ಮತ್ತೆ ಕರೆ. ಮತ್ತೆ ಗ್ಯಾಸ್. ಮೂರನೆಯ ಸಲ ಹೋಗುವಷ್ಟರಲ್ಲಿ ಯಂತ್ರವು ನಡೆಯುವುದನ್ನೇ ನಿಲ್ಲಿಸಿ, ಆಗಾಗ ಟಕ್ ಎಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಹೋಟೆಲಿನ ಯಜಮಾನರು ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು. ಒಡೆದ ಹಾಲಿನ ಪಾತ್ರೆಯನ್ನು ನನ್ನ ಮುಂದಿಟ್ಟು, “ನೀವು ಚಾ ಕುಡೀತಿದ್ರಿ, ಇವತ್ತು ಹಾಲಿಲ್ಲ ನೋಡ್ರಿ” ಎಂದಷ್ಟೇ ಹೇಳಿದರು.

ಮರುದಿನ ಉಸ್ತಾದರನ್ನು ಕರೆದುಕೊಂಡು ಹೋದೆನು. ಅವರಿಗೆ ಆಗಲೇ ಎಪ್ಪತ್ತರ ಹತ್ತಿರ; ಕೆಲಸವನ್ನು ಬಿಟ್ಟು ಮಸೀದಿಯ ಕಟ್ಟೆಯಲ್ಲಿ ಕೂರುತ್ತಿದ್ದವರು. ಅವರು ಸಾಮಾನಿನ ಚೀಲವನ್ನು ಬಿಚ್ಚಗೊಡಲಿಲ್ಲ. ಯಂತ್ರವನ್ನು ಚಾಲೂ ಮಾಡಿಸಿ, ಫ್ಯಾನು ತಿರುಗುತ್ತಿದ್ದಂತೆ ಕೌಂಟರಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಗಲ್ಲೆಯ ಮೇಲಿದ್ದ ಬಿಲ್ಲಿನ ಹಾಳೆಯೊಂದನ್ನು ಕೇಳಿ ಪಡೆದು, ಯಂತ್ರದ ಬುಡದಲ್ಲಿದ್ದ ಜಾಲರಿಗೆ ಅದನ್ನು ಹಿಡಿದು ಬಿಟ್ಟರು. ಗಾಳಿಯನ್ನು ಒಳಕ್ಕೆ ಸೆಳೆಯುವ ಆ ಸ್ಥಾನದಲ್ಲಿ ಹಾಳೆಯು ಅಂಟಿಕೊಂಡು ನಿಲ್ಲಬೇಕು. ಅದು ನೆಟ್ಟಗೆ ನೆಲಕ್ಕೆ ಬಿತ್ತು. ಬಳಿಕ ಪ್ಲಗ್ಗನ್ನು ಕೀಳಿಸಿ ಜಾಲರಿಯನ್ನು ಬಿಚ್ಚಿಸಿದರು. ಒಳಗೆ ಕಾಯಿಲ್ ಎಂಬುದು ಕಾಣುತ್ತಲೇ ಇರಲಿಲ್ಲ. ಅದಿರಿನ ಧೂಳು ಬಾಣಲೆಯ ಎಣ್ಣೆಯ ಹಬೆಯೊಡನೆ ಕಲೆತು, ದಿನದಿನಕ್ಕೂ ಪದರ ಪದರವಾಗಿ ಹತ್ತಿ, ಕೆಮ್ಮಣ್ಣಿನ ಕಂಬಳಿಯೊಂದನ್ನು ಯಾರೋ ಮಡಿಸಿ ತುರುಕಿದಂತಿತ್ತು.

“ಗ್ಯಾಸ್ ಎಲ್ಲಿ ಹೋಗ್ತದಲೇ ತಮ್ಮಾ?” ಎಂದರು ಉಸ್ತಾದರು. “ಒಲಿ ಗ್ಯಾಸೇನು ಅದು, ಉರದು ಮುಗಿಯಾಕ?”

ಮರಳಿ ಬರುವಾಗ ಬಸ್ಸಿನಲ್ಲಿ ಅವರು ತಮ್ಮ ಬಾಲ್ಯದ, ಎತ್ತುಗಳು ನೀರೆತ್ತುತ್ತಿದ್ದ ಕಪಿಲೆಯ ಬಾವಿಯ ಉಪಮಾನವನ್ನು ಕೊಟ್ಟು ವಿವರಿಸಿದುದನ್ನು ನಾನು ಇಂದಿಗೂ ಅದಕ್ಕಿಂತ ಚೆನ್ನಾಗಿ ಹೇಳಲಾರೆ. ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿರುವ ತಾಪವನ್ನು ಎತ್ತಿ ಹೊರಗೆ ಚೆಲ್ಲುತ್ತದೆ. ಎತ್ತುಗಳಂತೆ ಕಂಪ್ರೆಸರು, ಬಾವಿಗಿಳಿದು ತುಂಬಿಕೊಂಡು ಮೇಲೆ ಬಂದು ಬರಿದಾಗಿ ಮತ್ತೆ ಇಳಿಯುವ ತೊಗಲಿನ ಬಾನಿಯಂತೆ ಗ್ಯಾಸು, ನೀರನ್ನು ಗದ್ದೆಗೆ ಒಯ್ಯುವ ಕಾಲುವೆಯಂತೆ ಹೊರಗಿನ ಕಾಯಿಲ್. ಬಾನಿಯು ತೂತಾಗಬಹುದೇ ಹೊರತು, ನೀರೆತ್ತಿದ ಮಾತ್ರಕ್ಕೆ ಕರಗಿಹೋಗದು. ತೂತಾಗಿದ್ದರೆ ತೂತನ್ನು ಹುಡುಕಿ ಹೊಲಿಯಬೇಕು, ಇಲ್ಲದಿದ್ದರೆ ಅದರ ಗೊಡವೆಗೆ ಹೋಗಬಾರದು. ಕಾಲುವೆಯ ಬಾಯಿಗೆ ಹೂಳು ತುಂಬಿದಾಗ ಎತ್ತಿದ ನೀರು ಮತ್ತೆ ಬಾವಿಗೇ ಬೀಳುತ್ತದೆ. ಆಗ ಬಾನಿಯನ್ನು ದೊಡ್ಡದು ಮಾಡಿದರೆ ಸಾಯುವುದು ಎತ್ತುಗಳೇ. ನಾನು ಸಂಡೂರಿನಲ್ಲಿ ಮಾಡಿದ್ದು ಅದನ್ನೇ. ತಾಪವನ್ನು ಹೊರಗೆ ಬಿಡಲು ದಾರಿಯಿಲ್ಲದೆ ಒತ್ತಡವೇರಿ ಏದುಸಿರು ಬಿಡುತ್ತಿದ್ದ ಯಂತ್ರಕ್ಕೆ ಇನ್ನಷ್ಟು ಗ್ಯಾಸನ್ನು ತುರುಕಿ ಒತ್ತಡವನ್ನು ಇಮ್ಮಡಿಸಿದ್ದೆನು. ಟಕ್ ಎಂಬ ಆ ಸದ್ದು, ಕಂಪ್ರೆಸರು ಸುಟ್ಟುಹೋಗದಂತೆ ಅದರ ಮೈಮೇಲಿನ ಓವರ್‌ಲೋಡ್ ತುಂಡು ಕರೆಂಟನ್ನು ಕಡಿಯುತ್ತಿದ್ದ ಸದ್ದು. ಸಂಜೆ ಸರಿಯಾಗಿ ನಡೆದು ಮಧ್ಯಾಹ್ನಕ್ಕೆ ಕೆಡುತ್ತಿದ್ದ ರಹಸ್ಯವೂ ಅಲ್ಲಿಯೇ ಇತ್ತು: ಹೊರಗಿನ ಗಾಳಿ ತಣ್ಣಗಿರುವಾಗ ಮುಚ್ಚಿದ ಕಾಲುವೆಯೂ ತುಸು ಹರಿಯುತ್ತದೆ.

ಅಂದು ಫ್ಯಾನಿನ ಮೋಟಾರಿಗೂ ವೈರುಗಳಿಗೂ ಪ್ಲಾಸ್ಟಿಕ್ ಹೊದಿಸಿ, ಬೆಚ್ಚನೆಯ ಸಾಬೂನು ನೀರಿನಿಂದ ಜಿಡ್ಡನ್ನು ಕರಗಿಸಿ, ಮೆತ್ತನೆಯ ಬ್ರಷ್ಷನ್ನು ಕಾಯಿಲಿನ ರೆಕ್ಕೆಗಳು ನಿಂತ ದಿಕ್ಕಿನಲ್ಲಿಯೇ ಎಳೆದು (ಅಡ್ಡಕ್ಕೆ ಎಳೆದರೆ ಆ ತೆಳು ತಗಡುಗಳು ಮಡಚಿಕೊಂಡು ದಾರಿಯು ಮತ್ತಷ್ಟು ಮುಚ್ಚುತ್ತದೆ), ಒಣಗಿಸಿ, ನಾನು ತುಂಬಿದ ಹೆಚ್ಚುವರಿ ಗ್ಯಾಸನ್ನು ಹೊರಕ್ಕೆ ಬಿಟ್ಟೆವು. ಹಾಗೆ ಆಕಾಶಕ್ಕೆ ಬಿಡಬಾರದು, ಬೇರೆ ಸಿಲಿಂಡರಿಗೆ ಹಿಡಿದುಕೊಳ್ಳಬೇಕು ಎಂಬುದನ್ನು ಪಾಲಿಸುವ ಸಾಮಗ್ರಿ ಆಗ ನಮ್ಮಲ್ಲಿರಲಿಲ್ಲ, ಬುದ್ಧಿಯೂ ಇರಲಿಲ್ಲ. ಓಝೋನ್ ಪದರವನ್ನು ಕಾಯಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಹಳೆಯ ಆರ್-12 ಗ್ಯಾಸು ಹೋಗಿ ಆರ್-134ಎ ಬಂದಿತ್ತು. ಅದು ಓಝೋನನ್ನು ಕೆಡಿಸದಿದ್ದರೂ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಪಟ್ಟಿಗೂ ಮಿಗಿಲೆಂದು ನಾನು ಅರಿತದ್ದು ತಡವಾಗಿ. ಈಗಿನ ಯಂತ್ರಗಳಲ್ಲಿ ಬರುವ ಆರ್-600ಎ, ಆರ್-290 ಗಳಿಗೆ ಆ ದೋಷವಿಲ್ಲ, ಆದರೆ ಅವು ನಿಜವಾಗಿಯೂ ಉರಿಯುವ ಗ್ಯಾಸುಗಳು. ಉಸ್ತಾದರ ಪರಿಹಾಸ್ಯ ಇಂದು ಪೂರ್ತಿ ಸಲ್ಲದು. ಯಂತ್ರದ ಮೈಮೇಲಿನ ಚೀಟಿಯನ್ನು ಓದದೆ ಬೆಸುಗೆಯ ಜ್ವಾಲೆಯನ್ನು ಹಚ್ಚುವವನು ನನ್ನ ಅಂಗಡಿಯಲ್ಲಿ ಕೆಲಸಕ್ಕಿರಲಾರ.

ಗ್ಯಾಸಿನ ಹಣವನ್ನು ಹಿಂದಿರುಗಿಸಿದೆನು. ಆ ಕಂಪ್ರೆಸರು ಇನ್ನೂ ಮೂರು ವರ್ಷ ನಡೆಯಿತು. ಅದರ ಆಯುಷ್ಯದಲ್ಲಿ ನಾನು ಕದ್ದದ್ದೆಷ್ಟೋ ಹೇಳಲಾರೆ. ಅಂದಿನಿಂದ ಸಂಡೂರಿನವರಿಗೆ ಹದಿನೈದು ದಿನಕ್ಕೊಮ್ಮೆ ಕಾಯಿಲ್ ತೊಳೆಯಿರೆಂದೂ ಮಿಕ್ಕ ಊರಿನವರಿಗೆ ತಿಂಗಳಿಗೊಮ್ಮೆ ಸಾಕೆಂದೂ ಹೇಳುತ್ತ ಬಂದೆನು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅಲ್ಲಿಯ ಗಣಿಗಾರಿಕೆಯನ್ನು ತಡೆದಾಗ ಧೂಳು ಅಡಗಿತು. ಕಾಯಿಲುಗಳು ತಿಂಗಳುಗಟ್ಟಲೆ ಸ್ವಚ್ಛವಾಗಿ ಉಳಿದವು. ಲಾರಿಗಳನ್ನು ನೆಚ್ಚಿಕೊಂಡಿದ್ದ ಆ ಹೋಟೆಲು ಅದೇ ವರ್ಷ ಮುಚ್ಚಿತು.

ಹಂಪಿಯ ಕಡೆಯ ರೋಗ ಬೇರೆ. ಅಲ್ಲಿ ಧೂಳಿಗಿಂತ ಸೌಂದರ್ಯದೃಷ್ಟಿಯೇ ಯಂತ್ರಕ್ಕೆ ಶತ್ರು. ಕಮಲಾಪುರದ ದಾರಿಯ ಉಪಾಹಾರಗೃಹವೊಂದರಲ್ಲಿ, ಪ್ರವಾಸಿಗರ ಕಣ್ಣಿಗೆ ಫ್ರಿಜ್ಜು ಕಾಣಬಾರದೆಂದು, ಮೂರು ಕಡೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ನಾಲ್ಕನೆಯ ಕಡೆಗೆ ಹಲಗೆಯ ಬಾಗಿಲನ್ನಿಟ್ಟಿದ್ದರು; ಒಳಗಿಟ್ಟದ್ದು ಬೆನ್ನ ಕಡೆಯಿಂದ ಬಿಸಿಯನ್ನು ಬಿಡುವ ಮನೆಬಳಕೆಯ ಯಂತ್ರ. ಕೋಣೆಯಲ್ಲಿ ಮೂವತ್ತೆಂಟು ಡಿಗ್ರಿ ಇದ್ದಾಗ ಆ ಗೂಡಿನಲ್ಲಿ ಐವತ್ತೆರಡು ಇದ್ದುದನ್ನು ನಾನೇ ಅಳೆದು ತೋರಿಸಿದೆನು. ತಾನು ಬಿಟ್ಟ ಬಿಸಿಯುಸಿರನ್ನೇ ತಾನು ಮತ್ತೆ ಸೇವಿಸುವ ಪ್ರಾಣಿ ಎಷ್ಟು ದಿನ ಬದುಕೀತು? ಕೌಂಟರಿನ ಕೆಳಗೆ ಹುದುಗಿಸುವುದಾದರೆ ಮುಂಭಾಗದಿಂದಲೇ ಗಾಳಿಯನ್ನು ಎಳೆದು ಮುಂಭಾಗದಿಂದಲೇ ಬಿಡುವ ಯಂತ್ರವನ್ನು ಕೊಳ್ಳಬೇಕು, ಮತ್ತು ಆ ಜಾಲರಿಯ ಮುಂದೆ ಸೋಡಾ ಕ್ರೇಟುಗಳನ್ನು ಒಟ್ಟಬಾರದು. ಯಜಮಾನರು ಕಲ್ಲನ್ನು ಕೊರೆಸಲು ಒಪ್ಪಲಿಲ್ಲ. ಯಂತ್ರವನ್ನು ಬದಲಿಸಲು ಎರಡು ಬೇಸಗೆಗಳ ನಂತರ ಒಪ್ಪಿದರು. ಹಂಪಿಯ ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ದೋಣಿಸಾಲನ್ನು ದಿನವೂ ಅತಿಥಿಗಳಿಗೆ ತೋರಿಸುತ್ತಿದ್ದವರಿಗೆ, ಗಾಳಿಗೂ ಅಂತಹುದೊಂದು ಸಾಲು ಬೇಕೆಂದು ಒಪ್ಪಿಸುವುದು ಇಷ್ಟು ಕಷ್ಟವಾಗಬಾರದಿತ್ತು.

ಅಲ್ಲಿಯೇ ಇನ್ನೊಂದು ಪಾಠ. ಪ್ರವಾಸಿಗರು ಬಾರದ ಬಿರುಬೇಸಗೆಯಲ್ಲಿ ಅಂಗಡಿಗೆ ಬೀಗ ಹಾಕುವವರು ಫ್ರಿಜ್ಜನ್ನು ಆರಿಸಿ, ಬಾಗಿಲನ್ನು ಬಿಗಿಯಾಗಿ ಮುಚ್ಚಿ ಹೋಗುತ್ತಾರೆ. ತಿಂಗಳುಗಳ ಮೇಲೆ ತೆರೆದಾಗ ಬೂಷ್ಟಿನ ಕರಿಯ ಲೇಪವೂ ನಾತವೂ ಎದುರುಗೊಳ್ಳುತ್ತವೆ. ಒಳಗನ್ನು ತೊಳೆದು ಒಣಗಿಸಿ, ಟವೆಲೊಂದನ್ನು ಮಡಿಸಿ ಬಾಗಿಲ ಸಂದಿಗೆ ಸಿಕ್ಕಿಸಿ ಹೋದರೆ ಇಷ್ಟೂ ತಪ್ಪುತ್ತದೆ.

ಬಾಗಿಲ ಸುತ್ತಲಿನ ರಬ್ಬರಿನ ಪರೀಕ್ಷೆಗೆ ಹತ್ತು ರೂಪಾಯಿಯ ನೋಟು ಸಾಕು: ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಸೋತಿದೆ. ಬಹಳ ಸಲ ಅದು ಸೋತಿರುವುದಿಲ್ಲ, ಮಡಿಕೆಗಳಲ್ಲಿ ಹಿಟ್ಟು ಒಣಗಿ ಗಟ್ಟಿಯಾಗಿರುತ್ತದೆ. ಬಿಸಿನೀರಿನ ಬಟ್ಟೆಯಿಂದ ಒರೆಸಿದರೆ ಮತ್ತೆ ಅಪ್ಪಿಕೊಳ್ಳುತ್ತದೆ.

ಕಂಪ್ಲಿಯಲ್ಲಿ ಯಂತ್ರಗಳನ್ನು ಕೊಲ್ಲುವುದು ಕರೆಂಟು. ಭತ್ತದ ಗದ್ದೆಗಳ ಪಂಪುಗಳೆಲ್ಲ ಒಮ್ಮೆಲೇ ಎದ್ದಾಗ ದೀಪಗಳು ಕೆಂಪಗಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕರೆಂಟು ಹೋಗಿ ಮರುಕ್ಷಣವೇ ಬಂದರೆ, ಒಳಗಿನ ಒತ್ತಡಗಳು ಸಮನಾಗುವ ಮೊದಲೇ ಕಂಪ್ರೆಸರು ಎದ್ದೇಳಲು ಹೆಣಗುತ್ತದೆ. ಮೂರರಿಂದ ಐದು ನಿಮಿಷ ತಡೆದು ಬಿಡುವ ಸ್ಟೆಬಿಲೈಜರು ಅಲ್ಲಿ ಯಂತ್ರದಷ್ಟೇ ಮುಖ್ಯ.

ಕಂಪ್ಲಿಯ ನೆನಪೆಂದರೆ ನನಗೆ ಒಂದು ಮಳೆಗಾಲದ್ದು. ತುಂಗಭದ್ರೆಯ ಅಣೆಕಟ್ಟಿನಿಂದ ನೀರನ್ನು ಹೆಚ್ಚಾಗಿ ಬಿಟ್ಟಾಗ ಕಂಪ್ಲಿಗೂ ಗಂಗಾವತಿಗೂ ನಡುವಿನ ಸೇತುವೆ ಮುಳುಗುವುದು ವಾಡಿಕೆ. ಅಂತಹ ಒಂದು ದಿನ ನಾನು ಈಚೆಯ ದಡದಲ್ಲಿ ಸಿಕ್ಕಿಕೊಂಡಿರುವಾಗ ಆಚೆಯ ದಡದ ಖಾನಾವಳಿಯ ಅವ್ವನೊಬ್ಬಳು ಫೋನು ಮಾಡಿ, ಫ್ರಿಜ್ಜಿನೊಳಗೆ ನೀರು ನಿಂತಿದೆ, ಗ್ಯಾಸು ನೀರಾಗಿದೆ ಎಂದಳು. ಗ್ಯಾಸು ಹಾಗೆ ನೀರಾಗಿ ಸುರಿಯುವುದಿಲ್ಲವೆಂದು ಆಕೆಗೆ ಉಪನ್ಯಾಸ ಕೊಡುವ ಹೊತ್ತಲ್ಲ ಅದು. ಪ್ಲಗ್ಗನ್ನು ಕೀಳಿಸಿ, ಸಾಮಾನನ್ನೆಲ್ಲ ಹೊರಗಿಡಿಸಿ, ಹಿಂದಿನ ಗೋಡೆಯ ಬುಡದಲ್ಲಿ ಬೆರಳಾಡಿಸಲು ಹೇಳಿದೆನು.

“ಒಂದು ತೂತು ಐತೆಪ್ಪ. ಅದರಾಗ ಕೊತ್ತಂಬರಿ ಕಡ್ಡಿ ಸಿಕ್ಕೈತಿ.”

“ತೆಗೀರಿ ಅವ್ವ. ಉಗುರುಬೆಚ್ಚನ ನೀರು ಒಂದು ಲೋಟ ನಿಧಾನಕ್ಕ ಬಿಡ್ರಿ. ತಂತಿ ಗಿಂತಿ ಚುಚ್ಚಬ್ಯಾಡ್ರಿ.”

ಹೊಳೆಯ ಭೋರ್ಗರೆತದ ನಡುವೆ, ಫೋನಿನ ಆಚೆಗೆ, ನೀರು ಗುಳುಗುಳು ಎಂದು ಕೆಳಗಿನ ತಟ್ಟೆಗೆ ಇಳಿದ ಸದ್ದು ನನಗೆ ಕೇಳಿಸಿತು. ಮಿಕ್ಕದ್ದನ್ನೂ ಅಂದೇ ಹೇಳಿದೆನು: ಬಿಸಿ ಸಾರನ್ನು ಒಳಗಿಡಬಾರದು, ನಡುವಿನ ಅಂತಸ್ತಿನಲ್ಲಿ ನೀರಿನ ಲೋಟದೊಳಗೆ ಥರ್ಮಾಮೀಟರೊಂದನ್ನು ನಿಲ್ಲಿಸಿ ದಿನವೂ ನೋಡಬೇಕು, ಬುಡದ ಜಾಲರಿಗೆ ಹಾಳೆಯನ್ನು ಹಿಡಿದು ಬಿಡಬೇಕು. ಆಕೆ ಮಗನಿಂದ ಎಲ್ಲವನ್ನೂ ಗೋಡೆಯ ಮೇಲೆ ಇದ್ದಿಲಲ್ಲಿ ಬರೆಸಿದಳಂತೆ. ನಾಲ್ಕನೆಯ ದಿನ ಸೇತುವೆಯ ಮೇಲಿನ ನೀರು ಇಳಿಯಿತು. ಆ ಖಾನಾವಳಿಯಿಂದ ನನಗೆ ಇಂದಿನವರೆಗೂ ಇನ್ನೊಂದು ಕರೆ ಬಂದಿಲ್ಲ.